ಟಿವಿ ತರಂಗದಲ್ಲಿ ಇಂಟರ್ನೆಟ್: ಅಹಮದಾಬಾದಿನ ನರೋಡಾದ ಮನೆಗೆ ಸಿಗುತ್ತದೆಯೇ?

ತಾರಸಿಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ತಿರುಗಿಸಿ ದೂರದರ್ಶನ ನೋಡುತ್ತಿದ್ದ ಕಾಲ ನೆನಪಿದೆಯಲ್ಲ? ಅದೇ ತರಂಗಗಳಲ್ಲಿ ಇಂಟರ್ನೆಟ್ಟನ್ನೂ ಕಳಿಸಬಹುದು. ಇದರ ಹೆಸರು ಟಿವಿ ವೈಟ್ ಸ್ಪೇಸ್. ಅಂದರೆ, ಟಿವಿಗೆಂದು ಮೀಸಲಿದ್ದರೂ ಖಾಲಿ ಬಿದ್ದಿರುವ ಚಾನೆಲ್. ನಮ್ಮ ದೇಶದಲ್ಲಿ 470ರಿಂದ 590 ಮೆಗಾಹರ್ಟ್ಸ್ ನಡುವೆ ಇಂಥ ಜಾಗ ಧಾರಾಳವಾಗಿದೆ. ನೆಲದ ಟವರಿನಿಂದ ಟಿವಿ ಪ್ರಸಾರ ಮಾಡುವುದು ದೂರದರ್ಶನ ಒಂದೇ ತಾನೆ.

ವೈಫೈಗಿಂತ ಇದು ದೂರ ಹೋಗುವುದೇಕೆ? ಮನೆಯ 2.4 ಗಿಗಾಹರ್ಟ್ಸ್ ವೈಫೈ ತರಂಗದ ಉದ್ದ ಸುಮಾರು 12 ಸೆಂ.ಮೀ. ಟಿವಿ ತರಂಗದ್ದು ಸುಮಾರು 60 ಸೆಂ.ಮೀ. ಉದ್ದದ ತರಂಗ ಎಲೆ, ಗೋಡೆಗಳಲ್ಲಿ ಅಷ್ಟಾಗಿ ಸೊರಗುವುದಿಲ್ಲ. ಕೆಲವು ಕಿಲೋಮೀಟರ್ ದಾಟುತ್ತದೆ.

ಅಹಮದಾಬಾದಿನಿಂದ ಮುಂಬೈ ರೈಲು ಹತ್ತಿದರೆ ವಾಪಿ ದಾಟಿದ ಮೇಲೆ ಪಾಲ್ಘರ್ ಬರುತ್ತದೆ. ಆ ಜಿಲ್ಲೆಯ ಖಾಮ್ಲೋಲಿ ಸುತ್ತಮುತ್ತ ಆಗ ಐಐಟಿ ಬಾಂಬೆಯಲ್ಲಿದ್ದ ಅಭಯ್ ಕರಂದೀಕರ್ ಅವರ ತಂಡ ಇದನ್ನು ಪರೀಕ್ಷಿಸಿತು. ಮರಗಳ ನಡುವಿನ ಹಾಡಿಗಳಿಗೆ ಸಂಪರ್ಕ ಸಿಕ್ಕಿತು. ಈ ‘ಗ್ರಾಮ ಮಾರ್ಗ’ ಯೋಜನೆಗೆ 2017ರಲ್ಲಿ ಮೊಜಿಲ್ಲಾ ಸ್ಪರ್ಧೆಯ ಮೊದಲ ಬಹುಮಾನವೂ ಬಂತು.

ಹಾಗಾದರೆ ಎಲ್ಲ ಕಡೆ ಏಕಿಲ್ಲ? ಒಂದು ಚಾನೆಲಿನ ಅಗಲ 8 ಮೆಗಾಹರ್ಟ್ಸ್ ಮಾತ್ರ. ಅದರಲ್ಲಿ ಸೆಕೆಂಡಿಗೆ 20ರಿಂದ 30 ಮೆಗಾಬಿಟ್ ಹರಿದರೆ ಹೆಚ್ಚು. ಅದನ್ನೇ ಹಳ್ಳಿಯವರೆಲ್ಲ ಹಂಚಿಕೊಳ್ಳಬೇಕು. ಟವರಿನ ಬುಡಕ್ಕಂತೂ ಫೈಬರಿನಂಥ ವೇಗದ ಸಂಪರ್ಕ ಬರಲೇಬೇಕು. ದೊಡ್ಡ ಗುಡ್ಡ ಅಡ್ಡ ಬಂದರೆ ಈ ತರಂಗಕ್ಕೂ ಕಷ್ಟ. ಉಪಕರಣ ತಯಾರಾಗುವುದು ಕಡಿಮೆ, ಹಾಗಾಗಿ ಬೆಲೆ ಹೆಚ್ಚು.

ಇವೆಲ್ಲಕ್ಕಿಂತ ದೊಡ್ಡ ತೊಡಕು ಅನುಮತಿಯದು. ಬ್ರಿಟನ್ 2015ರಲ್ಲೇ ಇಂಥ ಸಾಧನಗಳಿಗೆ ಲೈಸೆನ್ಸ್ ಬೇಡವೆಂದಿತು. ಯಾವ ಚಾನೆಲ್ ಖಾಲಿ ಎಂದು ಸಾಧನವೇ ದತ್ತಾಂಶಕೋಶವನ್ನು ಕೇಳಿ ತಿಳಿದುಕೊಳ್ಳುತ್ತದೆ. ನಮ್ಮಲ್ಲಿ ಪರೀಕ್ಷೆಗೆ ಮಾತ್ರ ಅನುಮತಿ ಕೊಟ್ಟರು. ಮಲೆನಾಡಿನ ತೋಟದ ನಡುವೆ ಒಂಟಿ ಮನೆಗಳಲ್ಲಿರುವ ನಮ್ಮವರಿಗೆ ಇದು ಎಷ್ಟು ಒದಗುತ್ತಿತ್ತು! ಖಾಲಿ ಚಾನೆಲನ್ನು ಹಳ್ಳಿಗಳಿಗಾದರೂ ಬಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ನರೋಡಾದ ಅಂಗಡಿಗಳಲ್ಲಿ ಇದನ್ನು ಹುಡುಕಬೇಡಿ. 2023ರ ಸೆಪ್ಟೆಂಬರಿನಲ್ಲಿ ಅಹಮದಾಬಾದಿಗೆ ಬಂದ ಜಿಯೋ ಏರ್‌ಫೈಬರ್ ಬೇರೆ, ಅದು 5ಜಿ. ಆಗ ಅದರ ದರ ತಿಂಗಳಿಗೆ 599 ರೂಪಾಯಿ ಮತ್ತು ಜಿಎಸ್‌ಟಿಯಿಂದ ಆರಂಭವಾಗಿತ್ತು. ನಿಮ್ಮ ಸೊಸೈಟಿಗೆ ಫೈಬರ್ ಬಂದಿದ್ದರೆ ಅದನ್ನೇ ಹಾಕಿಸಿ. ಊರಿನ ಮನೆಗಾದರೆ, ಸರ್ಕಾರದ ಭಾರತ್‌ನೆಟ್ ಫೈಬರ್ ಎಲ್ಲಿವರೆಗೆ ಬಂದಿದೆ ಎಂದು ಮೊದಲು ಪಂಚಾಯಿತಿಯಲ್ಲಿ ವಿಚಾರಿಸಿ.