ಒಂದೇ ಕೈಯಲ್ಲಿ ಇಬ್ಬರು ವಾದಕರು

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನಮ್ಮ ಮಿತ್ರರೊಬ್ಬರ ಮಾಳಿಗೆಯ ಮನೆಯುಂಟು. ಸಂಜೆಯಾಯಿತೆಂದರೆ ಅಲ್ಲಿಂದ ಗಿಟಾರಿನ ನಾದ ಬೀದಿಗೆ ಇಳಿಯುತ್ತದೆ. ಮೊದಲ ಸಲ ಕೇಳಿದಾಗ ಮೇಲೆ ಇಬ್ಬರು ಕುಳಿತು ನುಡಿಸುತ್ತಿರಬೇಕೆಂದೇ ನಾವು ಎಣಿಸಿದೆವು. ಒಬ್ಬನು ಕೆಳದನಿಯಲ್ಲಿ ಹೆಜ್ಜೆಯಿಡುತ್ತಿದ್ದಾನೆ, ಇನ್ನೊಬ್ಬನು ಅದರ ಮೇಲೆ ಕುಣಿಯುತ್ತಿದ್ದಾನೆ ಎಂಬಂತಿತ್ತು ಆ ಧ್ವನಿ. ಏರಿ ಹೋಗಿ ನೋಡಿದರೆ ವಾದಕರು ಒಬ್ಬರೇ, ವಾದ್ಯವೂ ಒಂದೇ! ಅಂದಿನಿಂದ ನಮಗೂ ಈ ಹುಚ್ಚು ಹಿಡಿಯಿತು. ಐವತ್ತು ದಾಟಿದ ಬೆರಳುಗಳಿಗೆ ಈ ವಿದ್ಯೆ ಒಲಿದೀತೆ?

ಈ ಬಗೆಯ ವಾದನಕ್ಕೆ ರ್ಯಾಗ್‌ಟೈಮ್ ಬ್ಲೂಸ್ ಎಂದು ಹೆಸರು. ರ್ಯಾಗ್‌ಟೈಮ್ ಮೂಲತಃ ಪಿಯಾನೋದ ಸಂಗೀತ; ಸ್ಕಾಟ್ ಜಾಪ್ಲಿನ್ನನ ‘ಮೇಪಲ್ ಲೀಫ್ ರ್ಯಾಗ್’ ಅಚ್ಚಾದುದು ೧೮೯೯ರಲ್ಲಿ. ಪಿಯಾನೋದಲ್ಲಿ ಎಡಗೈ ಸಮನಾದ ನಡೆಯನ್ನು ಬಿಡದೆ ಹಿಡಿದಿರುತ್ತದೆ. ಬಲಗೈ ತಾಳದ ಪೆಟ್ಟಿಗೆ ತುಸು ಮೊದಲೋ ಆಮೇಲೆಯೋ ಸ್ವರವನ್ನಿಡುತ್ತದೆ. ನಮ್ಮ ಸಂಗೀತದ ಅತೀತ, ಅನಾಗತಗಳನ್ನು ಬಲ್ಲ ವಾಚಕರಿಗೆ ಈ ತಾಳದಾಟ ಅಪರಿಚಿತವೇನೂ ಅಲ್ಲ. ಅಮೆರಿಕದ ಆಗ್ನೇಯ ಭಾಗದ ಕರಿಯ ವಾದಕರು ಎರಡು ಕೈಗಳ ಈ ಕೆಲಸವನ್ನು ಗಿಟಾರಿನ ಮೇಲೆ ಒಂದೇ ಬಲಗೈಗೆ ಒಪ್ಪಿಸಿದರು. ಅವರಲ್ಲಿ ಅಗ್ರಗಣ್ಯನಾದ ಬ್ಲೈಂಡ್ ಬ್ಲೇಕ್ ಹೆಸರೇ ಹೇಳುವಂತೆ ಕುರುಡ. ೧೯೨೬ರಿಂದ ೧೯೩೨ರವರೆಗೆ ಅವನು ಕೊಟ್ಟ ಧ್ವನಿಮುದ್ರಿಕೆಗಳನ್ನು ನಿಧಾನಗೊಳಿಸಿ ಕೇಳುತ್ತ ಇಂದಿಗೂ ಜನ ಕಲಿಯುತ್ತಾರೆ. ನಮ್ಮ ಮಿತ್ರರು ಕಲಿತದ್ದೂ ಹಾಗೆಯೇ.

ಗಿಟಾರಿಗೆ ಆರು ತಂತಿಗಳು. ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು ೮೨ ಸಲ ಕಂಪಿಸುತ್ತದೆ. ಅತಿ ತೆಳ್ಳನೆಯದು ಅದರ ನಾಲ್ಕರಷ್ಟು, ಎಂದರೆ ಸುಮಾರು ೩೩೦ ಸಲ. ದಪ್ಪ ತಂತಿಗಳು ಹೆಬ್ಬೆರಳಿನ ಪಾಲು. ಅದು ಐದನೆಯ ತಂತಿ, ನಾಲ್ಕನೆಯ ತಂತಿ, ಮತ್ತೆ ಐದನೆಯದು, ಮತ್ತೆ ನಾಲ್ಕನೆಯದು ಎಂದು ಗಾಣದ ಎತ್ತಿನಂತೆ ತಿರುಗುತ್ತಲೇ ಇರಬೇಕು. ತೆಳ್ಳನೆಯ ಮೂರು ತಂತಿಗಳ ಮೇಲೆ ತೋರುಬೆರಳೂ ನಡುಬೆರಳೂ ಹಾಡನ್ನು ನುಡಿಸುತ್ತವೆ, ಕೆಲವೊಮ್ಮೆ ಹೆಬ್ಬೆರಳಿನೊಡನೆ, ಬಹಳ ಸಲ ಅದರ ಎರಡು ಪೆಟ್ಟುಗಳ ನಡುವಣ ಬಿಡುವಿನಲ್ಲಿ.

ಹೇಳುವುದು ಸುಲಭ. ಹೆಬ್ಬೆರಳನ್ನು ಮಡಿಸುವುದಕ್ಕೆ ಮುಂದೋಳಿನಲ್ಲಿ ಪ್ರತ್ಯೇಕವಾದ ಸ್ನಾಯುವುಂಟು. ಉಳಿದ ನಾಲ್ಕು ಬೆರಳುಗಳನ್ನು ಒಳಗಿನಿಂದ ಎಳೆಯುವ ಸ್ನಾಯು ಬಹುಮಟ್ಟಿಗೆ ಅವುಗಳ ಅವಿಭಕ್ತ ಆಸ್ತಿ. ಉಂಗುರದ ಬೆರಳನ್ನೊಂದೇ ಮಡಿಸಲು ಯತ್ನಿಸಿದರೆ ವಾಚಕರಿಗೆ ಇದರ ಅನುಭವವಾದೀತು. ಆದುದರಿಂದ ಹೆಬ್ಬೆರಳಿನ ಸ್ವಾತಂತ್ರ್ಯಕ್ಕೆ ದೇಹದ ಅಡ್ಡಿಯಿಲ್ಲ, ಅಡ್ಡಿಯಿರುವುದು ಮಿದುಳಿನಲ್ಲಿ. ಎರಡು ಲಯಗಳನ್ನು ಒಟ್ಟಿಗೆ ನಡೆಸಹೊರಟರೆ ಒಂದು ಇನ್ನೊಂದನ್ನು ತನ್ನತ್ತ ಸೆಳೆದು ಎರಡೂ ಒಂದಾಗಿಬಿಡುತ್ತವೆ. ಹೆಬ್ಬೆರಳಿನ ನಡೆ ಗಮನವನ್ನು ಬೇಡದಷ್ಟು ರೂಢಿಯಾಗುವ ತನಕ ಬೆರಳುಗಳನ್ನು ಸೇರಿಸಬಾರದು. ಮಿತ್ರರು ನಮಗೆ ಕೊಟ್ಟ ಪರೀಕ್ಷೆಯೆಂದರೆ, ಹೆಬ್ಬೆರಳು ನಿಲ್ಲದೆ ಮಾರುಕಟ್ಟೆಯ ಮಾತನ್ನಾಡಬೇಕು! ಬದನೆಯ ಬೆಲೆ ಹೇಳುವಷ್ಟರಲ್ಲಿ ನಮ್ಮ ತಾಳ ಮುರಿಯುತ್ತಿತ್ತು. ಈ ಮೆಟ್ಟಿಲಿಗೇ ಮೂರು ವಾರಗಳು ಬೇಕಾದುವು. ನಾಲ್ಕನೆಯ ವಾರ ಆತುರಪಟ್ಟು ವೇಗವನ್ನೇರಿಸಿದೆವು; ಮಣಿಕಟ್ಟು ನೋಯತೊಡಗಿತು; ಹದಿನೈದು ದಿನ ವಾದ್ಯವನ್ನು ಮುಟ್ಟಲಾಗಲಿಲ್ಲ. ಇಷ್ಟಕ್ಕೇ ಬಿಟ್ಟುಬಿಡೋಣವೆಂದು ಅನಿಸಿದ್ದೂ ಉಂಟು.

ಕೈ ಬಿಡುವಾಗಿದ್ದಾಗ ನಾವು ನಾದದ ವಿಚಾರ ಮಾಡಿದೆವು. ತಂತಿಯನ್ನು ಮಿಡಿದಾಗ ಮೂಲಸ್ವರದ ಜೊತೆಗೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳ ಉಪಸ್ವರಗಳೂ ಹುಟ್ಟುತ್ತವೆ. ಯಾವ ಉಪಸ್ವರಕ್ಕೆ ಮಿಡಿದ ಸ್ಥಳ ನಿಶ್ಚಲಬಿಂದುವೋ ಅದು ಹುಟ್ಟುವುದಿಲ್ಲವೆಂಬುದು ಥಾಮಸ್ ಯಂಗನ ನಿಯಮ. ೬೫ ಸೆಂಟಿಮೀಟರ್ ತಂತಿಯನ್ನು ಸೇತುವೆಯಿಂದ ೧೩ ಸೆಂಟಿಮೀಟರ್ ದೂರದಲ್ಲಿ ಮಿಡಿದರೆ ಐದನೆಯ ಉಪಸ್ವರ ಅಡಗುತ್ತದೆ. ಸೇತುವೆಯ ಹತ್ತಿರಕ್ಕೆ ಸರಿದಷ್ಟೂ ಮೇಲಣ ಉಪಸ್ವರಗಳು ಹೆಚ್ಚಿ ದನಿ ಚೂಪಾಗುತ್ತದೆ. ರ್ಯಾಗ್‌ಟೈಮ್ ವಾದಕರು ಅನೇಕರು ಅಂಗೈಯ ಅಂಚನ್ನು ಸೇತುವೆಯ ಬಳಿ ದಪ್ಪ ತಂತಿಗಳ ಮೇಲೆ ಹಗುರಾಗಿ ಒರಗಿಸುತ್ತಾರೆ. ಆಗ ಉಪಸ್ವರಗಳು ಬೇಗ ಸತ್ತು, ಹೆಬ್ಬೆರಳಿನ ಪೆಟ್ಟು ಡಗ್ಗಾದಂತೆ ಗುಮ್ಮೆನ್ನುತ್ತದೆ. ಹಾಡು ಬೇರೆಯಾಗಿ ಎದ್ದು ಕಾಣುತ್ತದೆ. ಬೀದಿಯಲ್ಲಿ ನಿಂತ ನಮ್ಮನ್ನು ಮರುಳುಮಾಡಿದ ಗುಟ್ಟು ಇದೇ.

ನಮ್ಮ ತಂತಿವಾದ್ಯಗಳ ದಾರಿ ಇದಕ್ಕೆ ವಿರುದ್ಧ. ಸಿ. ವಿ. ರಾಮನ್ನರು ೧೯೨೧ರಲ್ಲಿ ತಂಬೂರಿ, ವೀಣೆಗಳನ್ನು ಪರೀಕ್ಷಿಸಿ, ಅಡಗಬೇಕಾದ ಉಪಸ್ವರಗಳೂ ಅವುಗಳಲ್ಲಿ ಸ್ಪಷ್ಟವಾಗಿ ಕೇಳುವುದನ್ನು ತೋರಿಸಿದರು. ಅಗಲವಾಗಿ ಬಾಗಿದ ಸೇತುವೆಯ ಮೈಯನ್ನು ತಂತಿ ಸವರುತ್ತ ಕಂಪಿಸುವುದರಿಂದ ಯಂಗನ ನಿಯಮ ಅಲ್ಲಿ ಸೋಲುತ್ತದೆ. ಸಿತಾರಿನ ಜವಾರಿಯೂ ಇದೇ ಜಾತಿಯದು. ಹತ್ತಿರದ ಧಾರವಾಡದಲ್ಲಿ ನೆಲೆಸಿ ೧೯೫೪ರಲ್ಲಿ ತೀರಿಕೊಂಡ ಸಿತಾರರತ್ನ ರಹಿಮತ್‌ಖಾನರ ಮನೆತನದ ವಾದನವನ್ನು ಕೇಳಿದವರಿಗೆ ಆ ತುಂಬುನಾದದ ಬೆಲೆ ಗೊತ್ತು. ಅಲ್ಲಿಯೂ ಬಲಗೈ ಹಾಡಿನ ನಡುನಡುವೆ ಚಿಕಾರಿಯ ತಂತಿಗಳನ್ನು ತಟ್ಟಿ ಲಯವನ್ನು ಕಾಯುತ್ತದೆ. ಆದರೆ ಆ ತಂತಿಗಳು ಉಲಿಯುತ್ತಲೇ ಇರಬೇಕು, ಗಿಟಾರಿನ ದಪ್ಪ ತಂತಿಗಳು ಒಡನೆ ಮೌನವಾಗಬೇಕು. ನಮ್ಮ ಕಿವಿಗೆ ಈ ಮೌನ ಮೊದಮೊದಲು ಬಡತನವೆಂದೇ ತೋರಿತು.

ಕೈ ಗುಣವಾದ ಮೇಲೆ ಮತ್ತೆ ಆರಂಭಿಸಿದೆವು, ಈ ಸಲ ಅರ್ಧ ವೇಗದಲ್ಲಿ, ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ. ಮೊದಲು ಹೆಬ್ಬೆರಳೂ ನಡುಬೆರಳೂ ಒಟ್ಟಿಗೆ ಚಿವುಟುವುದು, ಆಮೇಲೆ ನಡುಬೆರಳನ್ನು ಅರ್ಧ ಪೆಟ್ಟು ಹಿಂದಕ್ಕೆ ಸರಿಸುವುದು. ಸಂಜೆ ಎಷ್ಟು ತಿಣುಕಿದರೂ ಕೂಡದಿದ್ದುದು ಕೆಲವೊಮ್ಮೆ ಮರುದಿನ ಬೆಳಗ್ಗೆ ತಾನಾಗಿ ಕೂಡಿಬರುತ್ತಿತ್ತು. ಕಲಿತ ಚಲನೆಯನ್ನು ಮಿದುಳು ನಿದ್ದೆಯಲ್ಲಿ ಗಟ್ಟಿಮಾಡಿಕೊಳ್ಳುತ್ತದೆಂಬ ವಿಜ್ಞಾನಿಗಳ ಮಾತನ್ನು ನಂಬಲು ನಮಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮೊನ್ನೆ ಅದೇ ಮಾಳಿಗೆಯಲ್ಲಿ, ಬದನೆಯ ಬೆಲೆಯನ್ನೂ ಹೇಳುತ್ತ, ಎಂಟು ಆವರ್ತಗಳನ್ನು ತಪ್ಪಿಲ್ಲದೆ ನುಡಿಸಿದೆವು. ಒಂಬತ್ತನೆಯದರಲ್ಲಿ ಹೆಬ್ಬೆರಳು ನಡುಬೆರಳಿನ ಹಿಂದೆ ಓಡಿಬಿಟ್ಟಿತು. ಮಿತ್ರರು ನಕ್ಕು, ಚಹಾ ತರಿಸಿ, ಮೊದಲಿನಿಂದ ಹಿಡಿಯಿರೆಂದರು.