ಹಗ್ಗ ವಾಲಿದಷ್ಟೂ ಭಾರ

ಜೋಯಿಡಾ ತಾಲ್ಲೂಕಿನ ಗಣೇಶಗುಡಿ ಬಳಿ ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಕಾಂಕ್ರೀಟಿನ ಈ ಕಟ್ಟೆ ನೀರಿನ ಒತ್ತಡಕ್ಕೆ ಜಗ್ಗದೆ ನಿಂತಿರುವುದು ತನ್ನ ತೂಕದ ಬಲದಿಂದಲೇ. ಒಂದು ಘನಮೀಟರ್ ಕಾಂಕ್ರೀಟೆಂದರೆ ಸುಮಾರು 2.4 ಟನ್. ಅಷ್ಟನ್ನೂ ಯಾರೋ ಎತ್ತಿ, ಸಾಗಿಸಿ, ಸುರಿದಿದ್ದಾರೆ. ಅಣೆಕಟ್ಟು ನೋಡಲು ಹೋದವರಿಗೆ ಆ ಕೆಲಸ ನೆನಪಾಗುವುದು ಕಡಿಮೆ.

ದಾಂಡೇಲಿ, ಹಳಿಯಾಳ, ಮುಂಡಗೋಡಗಳಲ್ಲಿ ಮನೆ, ಮಳಿಗೆ ಕಟ್ಟುವಾಗ ಭಾರ ಇಷ್ಟಿರುವುದಿಲ್ಲ. ಆದರೆ ಭೌತಶಾಸ್ತ್ರ ಅದೇ. ಕ್ರೇನಿನವನು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಟನ್?’ ಪ್ರಶ್ನೆ ಸರಿಯೇ, ಆದರೆ ಅರ್ಧ; ಹಗ್ಗ ಎಷ್ಟು ಓರೆ ಎಂಬುದು ಇನ್ನರ್ಧ. ಒಂದು ಟನ್ ಸರಳಿನ ಕಟ್ಟನ್ನು ಎರಡು ಸ್ಲಿಂಗ್, ಅಂದರೆ ಭಾರ ಎತ್ತುವ ಹಗ್ಗ, ಹಾಕಿ ಎತ್ತುತ್ತೇವೆ ಎನ್ನಿ. ಎರಡೂ ನೆಟ್ಟಗಿದ್ದರೆ ಒಂದೊಂದರ ಪಾಲು 500 ಕೆಜಿ. ಅವು ನೆಲಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ 577, 45 ಡಿಗ್ರಿಯಾದರೆ 707. 30 ಡಿಗ್ರಿಗೆ ಇಳಿದರೆ ಒಂದೊಂದರ ಮೇಲೂ ಪೂರ್ತಿ 1000 ಕೆಜಿ! ತುಂಬಿದ ಕೊಡವನ್ನು ಇಬ್ಬರು ದೂರ ದೂರ ನಿಂತು ಎತ್ತಿ ನೋಡಿ, ತೋಳೇ ಹೇಳುತ್ತದೆ. ಓರೆಯಾದ ಹಗ್ಗದ ಎಳೆತದಲ್ಲಿ ಒಂದು ಭಾಗವಷ್ಟೇ ಮೇಲಕ್ಕೆ, ಉಳಿದದ್ದು ಅಡ್ಡಕ್ಕೆ. ಎರಡು ಅಡ್ಡ ಎಳೆತಗಳು ಒಂದನ್ನೊಂದು ರದ್ದು ಮಾಡುತ್ತವೆ, ಭಾರ ಎತ್ತುವುದಕ್ಕೆ ಉಪಯೋಗವಿಲ್ಲ. ಹಗ್ಗ ಮಾತ್ರ ಅದನ್ನೂ ತಾಳಬೇಕು. ಪರಿಹಾರ ದುಬಾರಿಯದಲ್ಲ: ಉದ್ದದ ಸ್ಲಿಂಗ್ ಬಳಸಿದರೆ ಕೋನ ತಾನಾಗಿ ಕಡಿದಾಗುತ್ತದೆ.

ಇನ್ನು ನೆಲ. ಜೋಯಿಡಾದಲ್ಲಿ ಮಳೆ ಜೋರು, ಮಣ್ಣು ನೆನೆದು ಮೆತ್ತಗಾಗುತ್ತದೆ. ಕಾಲೂರಿ ನಿಲ್ಲುವ ಕ್ರೇನಿನ ಒಂದು ಪಾದದ ಮೇಲೆ 10 ಟನ್ ಬಿತ್ತು, ಪಾದ 30 ಸೆಂ.ಮೀ. ಚೌಕ ಎಂದುಕೊಂಡರೆ, ನೆನೆದ ಮಣ್ಣಿನ ಮೇಲೆ ಚದರಮೀಟರಿಗೆ 111 ಟನ್ ಒತ್ತಡ. ಒಂದು ಮೀಟರ್ ಚೌಕದ ದಪ್ಪ ಹಲಗೆ ಹಾಸಿದರೆ ಆ ಒತ್ತಡ ಚದರಮೀಟರಿಗೆ 10 ಟನ್ನಿಗೆ ಇಳಿಯುತ್ತದೆ. ತೆಳು ಹಲಗೆ ಬಾಗಿಬಿಡುತ್ತದೆ, ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಭಾರ ನೇತುಹಾಕಿಕೊಂಡೇ ಓಡಾಡುವ ಹೈಡ್ರಾ ಕ್ರೇನುಗಳಲ್ಲಿ ಭಾರ ನೆಲಕ್ಕೆ ಹತ್ತಿರವಿರಬೇಕು, ವೇಗ ನಡಿಗೆಯಷ್ಟೇ ಇರಬೇಕು. ತೂಗಾಡದಂತೆ ಹಗ್ಗ ಹಿಡಿಯುವವನು ದೂರದಲ್ಲಿರಬೇಕು. ಭಾರದ ಕೆಳಗೆ ಯಾರೂ ಸುಳಿಯಬಾರದು.

ಕ್ರೇನಿಲ್ಲದ ಕಡೆ ತಲೆಯೇ ಕ್ರೇನು. 1998ರ ಕೇಂದ್ರ ಕಟ್ಟಡ ಕಾರ್ಮಿಕ ನಿಯಮಗಳ ಪ್ರಕಾರ ಯಾರ ನೆರವೂ ಇಲ್ಲದೆ ಗಂಡಾಳು ಹೊರಬಹುದಾದದ್ದು ಹೆಚ್ಚೆಂದರೆ 55 ಕೆಜಿ, ಹೆಣ್ಣಾಳು 30. ಸಿಮೆಂಟ್ ಚೀಲದ ತೂಕ 50. ಹೆಣ್ಣಾಳಿನ ತಲೆಗೆ ಇಡೀ ಚೀಲ ಏರಿಸುವ ಮೇಸ್ತ್ರಿ ಆ ಮಿತಿಯನ್ನು 20 ಕೆಜಿ ಮೀರಿದ್ದಾನೆ.