ಲಯಕ್ಕೆ ಮೂರು ದಾಖಲೆಗಳು: ಜಾಝ್‌ನೊಡನೆ ನುಡಿಸಿದ ಬೆಂಗಳೂರಿನ ತಾಳವಾದ್ಯ ಶಾಲೆ

ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಸಾಮಾನ್ಯವಾಗಿ ಪಕ್ಕವಾದ್ಯವೆನಿಸಿಕೊಳ್ಳುವ ಚರ್ಮವಾದ್ಯ, ಘಟ, ಮೋರ್ಸಿಂಗ್‌ಗಳನ್ನೇ ಪ್ರಧಾನವಾಗಿಸಿದ ತಾಳವಾದ್ಯ ಕಚೇರಿಗಳಿಂದಲೂ, ಜಾಝ್ ಕಲಾವಿದರೊಡನೆ ದಶಕಗಳ ಕಾಲ ನಡೆಸಿದ ಒಡನಾಟದಿಂದಲೂ ಹೆಸರಾದ ಸಂಸ್ಥೆ.

ಜಾಝ್ ಡ್ರಮ್ಮರ್ ಒಬ್ಬನೇ ಎರಡು ಕೈ, ಎರಡು ಕಾಲುಗಳಿಂದ ಹಲವು ಡ್ರಮ್ಮು, ತಾಳತಟ್ಟೆಗಳನ್ನು ನುಡಿಸಿ ಮಾಡುವ ಕೆಲಸವನ್ನು ಕರ್ನಾಟಕ ಸಂಗೀತದ ಲಯಗೋಷ್ಠಿಯಲ್ಲಿ ಹಲವರು ಹಂಚಿಕೊಳ್ಳುತ್ತಾರೆ; ಅವರೆಲ್ಲರನ್ನೂ ಒಂದೇ ಲೆಕ್ಕಕ್ಕೆ ಕಟ್ಟುವುದು ಕೊನ್ನಕ್ಕೋಲ್, ಅಂದರೆ ‘ತಕಿಟ’, ‘ತಕದಿಮಿ’ ಮುಂತಾದ ಸೊಲ್ಲುಗಳನ್ನು ಬಾಯಲ್ಲಿ ನುಡಿಯುವ ವಿದ್ಯೆ. ಮೂರಕ್ಷರದ ತಕಿಟಕ್ಕೆ ನಾಲ್ಕಕ್ಷರದ ತಕದಿಮಿ ಸೇರಿದರೆ ಏಳರ ಮಿಶ್ರಗತಿಯಾಗುತ್ತದೆಂಬ ಈ ಗಣಿತ ಯಾವ ವಾದ್ಯಕ್ಕೂ ಅಂಟಿಕೊಂಡದ್ದಲ್ಲವಾದ್ದರಿಂದ, ಅನ್ಯ ಸಂಗೀತದವರೂ ಅದನ್ನು ಹಿಡಿಯಬಲ್ಲರು.

ಬಾಸ್ಟನ್‌ನಲ್ಲಿ ಹುಟ್ಟಿ, ಭಾರತದಲ್ಲಿ ನಾಗಸ್ವರ ಕಲಿತ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಈ ಶಾಲೆಯ ಬಳಗದೊಂದಿಗೆ 1983ರಲ್ಲಿ ಜರ್ಮನಿಯಲ್ಲಿ ಮುದ್ರಿಸಿದ ‘ಜ್ಯೋತಿ’ ಧ್ವನಿಮುದ್ರಿಕೆಯನ್ನು ಇಸಿಎಂ ಸಂಸ್ಥೆ ಹೊರತಂದಿತು. ಅದರಲ್ಲಿ ಆರ್.ಎ. ರಮಾಮಣಿ ಅವರ ಗಾಯನ, ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಹಾಗೂ ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರಗಳಿದ್ದು, ಡ್ರಮ್ ಸೆಟ್ ಇಲ್ಲದ ಜಾಝ್ ಎಂದು ಅದನ್ನು ಕೇಳಲು ಸಾಧ್ಯವಿದೆ.

ತಾಳಗಾರನ ಬದುಕು ಕಾಗದದಲ್ಲಿಯೂ ಉಳಿಯಬಲ್ಲದೆಂಬುದಕ್ಕೆ ಅಮೆರಿಕದ ಡ್ರಮ್ಮರ್ ಮ್ಯಾಕ್ಸ್ ರೋಚ್ (1924–2007) ನಿದರ್ಶನ. ಚಾರ್ಲಿ ಪಾರ್ಕರ್ ಜೊತೆ ಬೀಬಾಪ್ ಎಂಬ ವೇಗದ, ಜಟಿಲ ಶೈಲಿಯನ್ನು ರೂಪಿಸಿದವರಲ್ಲಿ ಒಬ್ಬನಾದ, 1960ರ ‘ವಿ ಇನ್ಸಿಸ್ಟ್’ ಕೃತಿಯಿಂದ ಕರಿಯರ ಹಕ್ಕಿನ ಹೋರಾಟಕ್ಕೆ ದನಿಗೂಡಿಸಿದ ಈತನ ಪತ್ರ, ಛಾಯಾಚಿತ್ರ, ಸ್ವರಲಿಪಿ, ಧ್ವನಿಮುದ್ರಣಗಳ ಸುಮಾರು 1 ಲಕ್ಷ ವಸ್ತುಗಳು, ಅಪ್ರಕಟಿತ ಆತ್ಮಕಥೆಯ ಕರಡುಗಳೂ ಸೇರಿ, ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಹೀಗೆ ಲಯದ ವ್ಯಾಕರಣವನ್ನು ಶಿಷ್ಯನ ಬಾಯಿ, ಒಂದು ದಿನದ ನುಡಿಸಾಣಿಕೆಯನ್ನು ಧ್ವನಿಮುದ್ರಿಕೆ, ಕಲಾವಿದನ ದುಡಿಮೆ ಮತ್ತು ನಿಲುವುಗಳನ್ನು ಕಾಗದಪತ್ರ ಕಾಯುತ್ತವೆ. ಮೊದಲ ಎರಡರಲ್ಲಿ ಶ್ರೀಮಂತವಾದ ನಮ್ಮ ತಾಳವಾದ್ಯ ಪರಂಪರೆಯಲ್ಲಿ, ತನಿ ಆವರ್ತನದ, ಅಂದರೆ ಕಚೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ಭಾಗದ, ಲೆಕ್ಕ ಗೀಚಿದ ನೋಟ್‌ಬುಕ್ಕನ್ನೂ ಕಚೇರಿಯ ಮಾಸಿದ ಕರಪತ್ರವನ್ನೂ ರದ್ದಿಗೆ ಹಾಕುವ ಮುನ್ನ ಮನೆಯವರು ಒಮ್ಮೆ ಯೋಚಿಸುವುದು ಒಳಿತು.